ಹಳದಿ ಗಿಳಿ, ನೀಲಿ ಗಿಳಿ

ಬಣ್ಣಕ್ಕೇ ತಮ್ಮ ಹೆಸರನ್ನು ಬಿಟ್ಟುಕೊಟ್ಟ ಹಕ್ಕಿಗಳು ಕನ್ನಡದಲ್ಲಿ ಬಹಳವಿಲ್ಲ. ಅಂಥವುಗಳಲ್ಲಿ ಗಿಳಿ ಮುಖ್ಯವಾದದ್ದು. ಸೀರೆಯಂಗಡಿಗೆ ಹೋಗಿ ಗಿಳಿಹಸಿರು ಬೇಕು ಎಂದರೆ ಅಂಗಡಿಯವನು ಮರುಮಾತಿಲ್ಲದೆ ಸರಿಯಾದ ಸೀರೆಯನ್ನೇ ಎಳೆದು ಹರವುತ್ತಾನೆ. ಗಿಳಿಗೂ ಹಸಿರಿಗೂ ಅಷ್ಟು ನಂಟು. ಹೀಗಿರುವಾಗ ಮೈಯೆಲ್ಲ ನಿಂಬೆಹಣ್ಣಿನಂತೆ ಹಳದಿಯಾಗಿ ಕಣ್ಣು ಮಾತ್ರ ಕೆಂಪಗಿರುವ ಗಿಳಿಯನ್ನೋ, ತಿಳಿ ಆಕಾಶದ ಬಣ್ಣದ ಗಿಳಿಯನ್ನೋ ಪಂಜರದೊಳಗೆ ಕಂಡವರು ಅದು ಯಾವುದೋ ದೂರದೇಶದ ಹಕ್ಕಿಯಿರಬೇಕು ಎಂದುಕೊಳ್ಳುವುದು ಸಹಜ. ಮಾರುವವರು ಹೇಳುವುದೂ ಅದನ್ನೇ. ನಿಜ ಸಂಗತಿ ಬೇರೆ. ಆ ಹಳದಿ ಹಕ್ಕಿ, ಆ ನೀಲಿ ಹಕ್ಕಿ, ಬೂದು, ಬಿಳಿ, ನೇರಳೆ ಬಣ್ಣದ ಅವುಗಳ ನೆಂಟರು ಬಹುಪಾಲು ನಮ್ಮ ಊರಿನ ಆಲದ ಪೊಟರೆಯಲ್ಲಿ ಗೂಡುಮಾಡಿ, ಜೋಳದ ತೆನೆಗೆ ದಂಡುದಂಡಾಗಿ ಇಳಿಯುವ ಸಾಮಾನ್ಯ ಗಿಳಿಯೇ. ಬಣ್ಣ ಬದಲಾಗಿದೆ, ಜಾತಿ ಬದಲಾಗಿಲ್ಲ.

ಈ ಹಕ್ಕಿಯ ಶಾಸ್ತ್ರೀಯ ಹೆಸರು ಸಿಟಾಕುಲ ಕ್ರಾಮೆರಿ. 1769ರಲ್ಲಿ ಸ್ಕೋಪೋಲಿ ಎಂಬ ವಿದ್ವಾಂಸ ಇದಕ್ಕೆ ಕ್ರಾಮರ್ ಎಂಬ ಆಸ್ಟ್ರಿಯದ ನಿಸರ್ಗವಿಜ್ಞಾನಿಯ ನೆನಪಿನಲ್ಲಿ ಹೆಸರಿಟ್ಟ. ಇಂಗ್ಲಿಷಿನಲ್ಲಿ ರೋಸ್ ರಿಂಗ್ಡ್ ಪ್ಯಾರಕೀಟ್. ಸಾಕುವವರ ಬಾಯಲ್ಲಿ ಚಿಕ್ಕದಾಗಿ ರಿಂಗ್‌ನೆಕ್. ಬಾಲವೂ ಸೇರಿ ಸುಮಾರು 40 ಸೆಂಟಿಮೀಟರ್ ಉದ್ದ. ಆಫ್ರಿಕದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಪಟ್ಟಿಯಲ್ಲೂ ಭಾರತ ಉಪಖಂಡದಲ್ಲೂ ಇದರ ವಾಸ. ನಾಲ್ಕು ಉಪಜಾತಿಗಳಿದ್ದು, ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದು ಒಂದು, ಉತ್ತರ ಭಾರತದ್ದು ಇನ್ನೊಂದು. ಗಂಡಿನ ಗದ್ದದಿಂದ ಹೊರಟ ಕಪ್ಪು ಗೆರೆಯೊಂದು ಕೆನ್ನೆಯ ಕೆಳಗೆ ಹಾದು ಹಿಂದಕ್ಕೆ ಹೋಗುತ್ತದೆ. ಕತ್ತಿನ ಹಿಂಭಾಗದಲ್ಲಿ ಅದರ ಜೊತೆಗೆ ಗುಲಾಬಿ ಬಣ್ಣದ ಪಟ್ಟಿ ಕೂಡಿಕೊಳ್ಳುತ್ತದೆ. ಹೆಣ್ಣಿಗೆ ಈ ಕೊರಳಪಟ್ಟಿ ಇಲ್ಲ. ಗಂಡುಮರಿಗೂ ಹುಟ್ಟಿದೊಡನೆ ಬರುವುದಿಲ್ಲ. ಎರಡು ಮೂರು ವರ್ಷ ಕಾಯಬೇಕು. ಈ ಕೊರಳಪಟ್ಟಿಯನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು. ಬಣ್ಣಗೆಟ್ಟ ಗಿಳಿಯ ಗುರುತು ಹಿಡಿಯಲು ಮುಂದೆ ಇದೇ ಬೇಕಾಗುತ್ತದೆ.

ಮನುಷ್ಯನಿಗೂ ಈ ಗಿಳಿಗೂ ಇರುವ ಸಹವಾಸ ಬಹಳ ಹಳೆಯದು. ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲಿ ಭಾರತದಿಂದ ಬರುವ ಮಾತಾಡುವ ಹಕ್ಕಿಯ ಬಗ್ಗೆ ಬರೆಯುತ್ತ, ಅದರ ಮೈಯೆಲ್ಲ ಹಸಿರು, ಕತ್ತಿಗೆ ಮಾತ್ರ ಕೆಂಪು ಪಟ್ಟಿ ಎಂದು ವರ್ಣಿಸಿದ್ದಾನೆ. ಅದರ ತಲೆ ಕೊಕ್ಕಿನಷ್ಟೇ ಗಟ್ಟಿ, ಮಾತು ಕಲಿಸುವಾಗ ಕಬ್ಬಿಣದ ಕಡ್ಡಿಯಿಂದ ಹೊಡೆಯಬೇಕು ಎಂದೂ ಸೇರಿಸಿದ್ದಾನೆ! ನಮ್ಮವರು ಅಷ್ಟು ಕಠೋರರಾಗಿರಲಿಲ್ಲ. ವಾತ್ಸ್ಯಾಯನನು ಹೇಳುವ ಅರುವತ್ತನಾಲ್ಕು ಕಲೆಗಳಲ್ಲಿ ಗಿಳಿ ಮತ್ತು ಗೊರವಂಕಗಳಿಗೆ ಮಾತು ಕಲಿಸುವುದೂ ಒಂದು. ಬಾಣನ ಕಾದಂಬರಿಯಲ್ಲಿ ಕಥೆಯ ಬಹುಭಾಗ ಹೊರಬೀಳುವುದು ವೈಶಂಪಾಯನನೆಂಬ ಗಿಳಿಯ ಬಾಯಿಂದ. ಅದನ್ನು ಕನ್ನಡಕ್ಕೆ ತಂದ ನಾಗವರ್ಮನ ಚಂಪೂವಿನಲ್ಲೂ ಹಾಗೆಯೇ. ಮಂಡನಮಿಶ್ರರ ಮನೆಬಾಗಿಲಲ್ಲಿ ಗಿಳಿಗಳು ಪ್ರಮಾಣಶಾಸ್ತ್ರದ ಚರ್ಚೆ ನಡೆಸುತ್ತಿದ್ದವೆಂದು ಶಂಕರವಿಜಯದ ಕಥೆ ಹೇಳುತ್ತದೆ. ಮನ್ಮಥನಿಗೆ ವಾಹನವಾದದ್ದು, ಮಧುರೆಯ ಮೀನಾಕ್ಷಿಯ ಕೈಯಲ್ಲಿ ಕುಳಿತದ್ದು, ಬೀದಿಬದಿಯ ಗಿಣಿಶಾಸ್ತ್ರದವನ ಪೆಟ್ಟಿಗೆಯಿಂದ ಹೊರಬಂದು ಚೀಟಿ ಎತ್ತಿದ್ದು ಎಲ್ಲವೂ ಗಿಳಿಗಳೇ. ಇಷ್ಟು ದೀರ್ಘಕಾಲ ಇಷ್ಟು ಜನ ಗಿಳಿಗಳನ್ನು ಹಿಡಿದು ಸಾಕಿದ ನಾಡಿನಲ್ಲಿ ಆಗೊಮ್ಮೆ ಈಗೊಮ್ಮೆ ವಿಚಿತ್ರ ಬಣ್ಣದ ಮರಿ ಕಣ್ಣಿಗೆ ಬಿದ್ದಿರಲೇಬೇಕು.

ಈ ವಿಚಿತ್ರ ಬಣ್ಣ ಬರುವುದು ಹೇಗೆ? ಅದಕ್ಕೆ ಮೊದಲು ಗಿಳಿ ಹಸಿರಾಗಿರುವುದು ಹೇಗೆ ಎಂದು ತಿಳಿಯಬೇಕು. ಸೋಜಿಗವೆಂದರೆ ಗಿಳಿಯ ಗರಿಯಲ್ಲಿ ಹಸಿರು ಬಣ್ಣವೆಂಬ ಪದಾರ್ಥವೇ ಇಲ್ಲ.

ಹಿಂದಿನ ಕಾಲದ ಬಣ್ಣಗಾರರಿಗೆ ಈ ಮಾತು ಆಶ್ಚರ್ಯ ತರುತ್ತಿರಲಿಲ್ಲ. ರಾಸಾಯನಿಕ ಬಣ್ಣಗಳು ಬರುವ ಮುನ್ನ ಬಟ್ಟೆಗೆ ಹಸಿರು ಹಾಕಬೇಕೆಂದರೆ ಮೊದಲು ನೀಲಿಯ ತೊಟ್ಟಿಯಲ್ಲಿ ಅದ್ದಿ, ಆಮೇಲೆ ಅರಿಶಿನವನ್ನೋ ದಾಳಿಂಬೆ ಸಿಪ್ಪೆಯ ಹಳದಿಯನ್ನೋ ಏರಿಸುತ್ತಿದ್ದರು. ಬಿಸಿಲಿಗೆ ಹಾಕಿ ಹಾಕಿ ಅರಿಶಿನ ಹಾರಿಹೋದರೆ ಹಸಿರು ಸೀರೆ ನೀಲಿಗೆ ತಿರುಗುತ್ತಿತ್ತು. ಗಿಳಿಯ ಗರಿಯೂ ಹೀಗೆ ಎರಡು ಹಂತದ ಬಣ್ಣಗಾರಿಕೆ. ಗರಿಯ ಎಳೆಯ ಹೊರಪದರದಲ್ಲಿ ಹಳದಿ ವರ್ಣದ್ರವ್ಯವಿದೆ. ಇದಕ್ಕೆ ಸಿಟಾಕೊಫಲ್ವಿನ್ ಎಂದು ಹೆಸರು. ಗಿಳಿಗಳ ಬಳಗದ ಹೊರಗೆ ಬೇರಾವ ಹಕ್ಕಿಯಲ್ಲೂ ಇದು ಕಂಡುಬಂದಿಲ್ಲ. ರಾಜಹಂಸಕ್ಕೆ ಕೆಂಪು ಬರುವುದು ತಿಂದ ಆಹಾರದಿಂದ. ಗಿಳಿ ಹಾಗಲ್ಲ, ತನ್ನ ಅರಿಶಿನವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕೊರಳಿನ ಗುಲಾಬಿಯೂ ಇದೇ ವರ್ಗದ ದ್ರವ್ಯದ್ದು. ಹೊರಪದರದ ಕೆಳಗೆ, ಸೋರೆಬುರುಡೆಯ ಒಳತಿರುಳಿನಂತೆ ಸೂಕ್ಷ್ಮ ರಂಧ್ರಗಳಿಂದ ತುಂಬಿದ ಕೆರಟಿನ್ ಪದರವಿದೆ. ನೀಲಿ ಹುಟ್ಟುವುದು ಅಲ್ಲಿ. ಅದರ ಒಳಗಡೆ ಮೆಲನಿನ್ ಎಂಬ ಕಪ್ಪು ದ್ರವ್ಯದ ಹಿನ್ನೆಲೆ. ನಮ್ಮ ಕೂದಲಿಗೆ, ಚರ್ಮಕ್ಕೆ ಬಣ್ಣ ಕೊಡುವ ದ್ರವ್ಯವೇ ಅದು. ಕಪ್ಪು ಹಿನ್ನೆಲೆಯ ಮೇಲೆ ನೀಲಿ ಬೆಳಕು ಹೊಳೆಯುತ್ತದೆ, ಅದು ಹಳದಿ ಪದರವನ್ನು ಹಾದು ನಮ್ಮ ಕಣ್ಣಿಗೆ ಹಸಿರಾಗಿ ತಲುಪುತ್ತದೆ.

ನೀಲಿ ಹುಟ್ಟುವ ಬಗೆಯಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. 1934ರಲ್ಲಿ ಸರ್ ಸಿ.ವಿ. ರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ ಹಕ್ಕಿಗಳ ಗರಿಗಳ ಬಣ್ಣದ ಮೂಲವನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಅವರು ಆಯ್ದುಕೊಂಡದ್ದು ಗಿಳಿಯನ್ನಲ್ಲ, ಈಗ ಕರ್ನಾಟಕದ ರಾಜ್ಯಪಕ್ಷಿಯಾಗಿರುವ ನೀಲಕಂಠವನ್ನು. ಗರಿಯ ನೀಲಿಯನ್ನು ಆಕಾಶದ ನೀಲಿಯಂತೆ ಬರಿಯ ಬೆಳಕಿನ ಚದರಿಕೆಯಿಂದ ವಿವರಿಸಿದರೆ ಸಾಲದು, ಅಲ್ಲಿ ಬೆಳಕಿನ ಅಲೆಗಳ ಪರಸ್ಪರ ವರ್ತನೆಯೂ ಇದೆ ಎಂಬುದು ಅವರ ವಾದದ ಸಾರ. ಅದು ಬಹುಕಾಲ ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. 1998ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳನ್ನು ಗಣಿತದಿಂದ ಪರೀಕ್ಷಿಸಿದ ವಿಜ್ಞಾನಿಗಳು ನೀಲಿ ಗರಿಯ ರಂಧ್ರಗಳು ಅಡ್ಡಾದಿಡ್ಡಿಯಾಗಿ ಕಂಡರೂ ಒಂದು ನಿಯತ ಅಂತರದಲ್ಲಿವೆ, ಬೆಳಕಿನ ಅಲೆಗಳು ಹೊಂದಿಕೊಂಡು ಚದರುವುದರಿಂದಲೇ ನೀಲಿ ಮೂಡುತ್ತದೆ ಎಂದು ತೋರಿಸಿದರು. ನೀಲಿ ಗರಿಯೊಂದನ್ನು ಅರೆದು ಪುಡಿ ಮಾಡಿದರೆ ನೀಲಿ ಪುಡಿ ಸಿಗುವುದಿಲ್ಲ. ಕಟ್ಟಡ ಕುಸಿಯಿತು, ಬಣ್ಣವೂ ಹೋಯಿತು.

ಹೀಗೆ ಹಳದಿ ದ್ರವ್ಯ, ನೀಲಿಯನ್ನು ಹುಟ್ಟಿಸುವ ರಚನೆ, ಕಪ್ಪು ಮೆಲನಿನ್ ಎಂಬ ಮೂವರು ಕೂಡಿ ಮಾಡಿದ ಕೆಲಸ ಗಿಳಿಹಸಿರು. ಇವರಲ್ಲಿ ಒಬ್ಬರು ಕೈಕೊಟ್ಟರೂ ಹಸಿರು ಕೆಡುತ್ತದೆ. ಹಳದಿ ದ್ರವ್ಯ ತಯಾರಾಗದಿದ್ದರೆ ಉಳಿಯುವುದು ನೀಲಿ. ಮೆಲನಿನ್ ಇಲ್ಲವಾದರೆ ನೀಲಿಗೆ ಹಿನ್ನೆಲೆ ತಪ್ಪಿ ಹಳದಿ ಮಾತ್ರ ಕಾಣುತ್ತದೆ. ಇದನ್ನು ಲುಟಿನೋ ಎನ್ನುತ್ತಾರೆ. ಎರಡೂ ಇಲ್ಲದಿದ್ದರೆ ಬಿಳಿಯ ಆಲ್ಬಿನೋ. ರಚನೆಯೇ ಏರುಪೇರಾದರೆ ಬೂದು. ಹೀಗೆ ವಂಶವಾಹಿಯಲ್ಲಿ ಆಗುವ ಹಠಾತ್ ಬದಲಾವಣೆಯನ್ನು ವಿಜ್ಞಾನಿಗಳು ಉತ್ಪರಿವರ್ತನೆ ಎನ್ನುತ್ತಾರೆ. ಪಕ್ಷಿಪಾಲಕರಲ್ಲಿ ಮ್ಯುಟೇಶನ್ ಎಂಬ ಮಾತೇ ರೂಢಿ. 2017ರಲ್ಲಿ ಆಸ್ಟ್ರೇಲಿಯ ಮೂಲದ ಬಜರಿಗರ್ ಗಿಳಿಗಳ ಮೇಲೆ ನಡೆದ ಅಧ್ಯಯನವೊಂದು ಹಳದಿ ತಯಾರಿಸುವ ಕಿಣ್ವವನ್ನು ಪತ್ತೆ ಮಾಡಿತು. ಆ ದೊಡ್ಡ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದರಿಂದ ಹಸಿರು ಬಜರಿಗರ್ ನೀಲಿಯಾಗಿತ್ತು. ನಮ್ಮ ರಿಂಗ್‌ನೆಕ್ಕಿನ ನೀಲಿಯ ವಿಷಯದಲ್ಲೂ ಮುಂದೆ ಸಂಶೋಧಕರಿಗೆ ಕಂಡದ್ದು ಅದೇ ವಂಶವಾಹಿಯ ದೋಷ.

ಇಷ್ಟು ತಿಳಿದರೆ ಪಂಜರದ ಮುಂದೆ ನಿಂತು ಬಣ್ಣದ ಗುರುತು ಹಿಡಿಯುವುದು ಕಷ್ಟವಲ್ಲ. ಹೊಸಬರು ಮಾಡುವ ತಪ್ಪೆಂದರೆ ಹಕ್ಕಿಯ ಒಟ್ಟು ಬಣ್ಣವನ್ನು ನೋಡಿ ಹೆಸರು ಹೇಳಲು ಹೊರಡುವುದು. ಪಳಗಿದವರು ಹಾಗೆ ನೋಡುವುದಿಲ್ಲ. ಅವರು ಮೂವರಲ್ಲಿ ಯಾರು ಗೈರುಹಾಜರಾಗಿದ್ದಾರೆಂದು ಹಾಜರಿ ತೆಗೆದುಕೊಳ್ಳುತ್ತಾರೆ.

ಗಂಡಿನಲ್ಲಿ ಈ ಹಾಜರಿ ಪುಸ್ತಕ ಕೊರಳಲ್ಲೇ ಇದೆ. ಪಟ್ಟಿಯ ಗುಲಾಬಿ ಭಾಗ ಹಳದಿ-ಕೆಂಪು ದ್ರವ್ಯದ ಸಾಕ್ಷಿ, ಕಪ್ಪು ಭಾಗ ಮೆಲನಿನ್ನಿನ ಸಾಕ್ಷಿ. ನೀಲಿ ಗಂಡಿನ ಕೊರಳಲ್ಲಿ ಕಪ್ಪು ಇರುತ್ತದೆ, ಗುಲಾಬಿಯ ಜಾಗ ಬೆಳ್ಳಗಿರುತ್ತದೆ. ಲುಟಿನೋ ಗಂಡಿನಲ್ಲಿ ಇದರ ತಿರುವುಮುರುವು: ಗುಲಾಬಿ ಉಳಿದು ಕಪ್ಪು ಮಾಯ. ಹಳದಿ ಮೈಯ ಮೇಲೆ ಗುಲಾಬಿ ಹಾರ ಹಾಕಿಕೊಂಡ ಈ ಹಕ್ಕಿ ನೋಡಲು ನಿಜಕ್ಕೂ ಚೆಂದ. ಆಲ್ಬಿನೋ ಗಂಡಿಗೆ ಎರಡೂ ಇಲ್ಲ. ಎಷ್ಟು ವರ್ಷ ಸಾಕಿದರೂ ಅದರ ಕೊರಳಲ್ಲಿ ಪಟ್ಟಿ ಕಾಣಿಸದು. ಹೆಣ್ಣೆಂದು ತಿಳಿದು ಇನ್ನೊಂದು ಗಂಡಿನ ಜೊತೆ ಜೋಡಿ ಕಟ್ಟಿ, ಮೊಟ್ಟೆಗಾಗಿ ಕಾದು ಕೂತವರುಂಟು. ಈಗ ಒಂದು ಗರಿಯನ್ನೋ ಒಂದು ಹನಿ ರಕ್ತವನ್ನೋ ಪ್ರಯೋಗಾಲಯಕ್ಕೆ ಕಳಿಸಿ ಗಂಡೋ ಹೆಣ್ಣೋ ತಿಳಿಯುವ ಅನುಕೂಲವಿದೆ. ಇಷ್ಟೆಲ್ಲ ಆದರೂ ಕೊಕ್ಕು ಮಾತ್ರ ನೀಲಿ ಹಕ್ಕಿಯಲ್ಲೂ ಬಿಳಿ ಹಕ್ಕಿಯಲ್ಲೂ ಕೆಂಪಾಗಿಯೇ ಉಳಿಯುತ್ತದೆಂಬುದು ಗಮನಿಸಬೇಕಾದ ಅಂಶ.

ಹೆಣ್ಣು ಮತ್ತು ಮರಿಗಳಲ್ಲಿ ಕೊರಳ ಸಾಕ್ಷಿ ಸಿಗುವುದಿಲ್ಲ. ಆಗ ಕಣ್ಣು, ಕಾಲು, ರೆಕ್ಕೆಯ ಉದ್ದಗರಿಗಳನ್ನು ನೋಡಬೇಕು. ಮೆಲನಿನ್ ಪೂರ್ತಿ ಇಲ್ಲದ ಲುಟಿನೋ ಮತ್ತು ಆಲ್ಬಿನೋಗಳಿಗೆ ಕಣ್ಣು ಕೊನೆಯವರೆಗೂ ಕೆಂಪು, ಕಾಲು ನಸುಗೆಂಪು. ಸಿನಮನ್ ಎಂಬ ಇನ್ನೊಂದು ಬಗೆಯಿದೆ. ಅದರಲ್ಲಿ ಮೆಲನಿನ್ ಇಲ್ಲವೆಂದಲ್ಲ, ಕಪ್ಪಾಗುವ ಬದಲು ಕಂದು ಬಣ್ಣದಲ್ಲೇ ನಿಂತುಬಿಡುತ್ತದೆ. ದಾಲ್ಚಿನ್ನಿಯ ಹೆಸರು ಬಂದದ್ದು ಅದಕ್ಕೇ. ಅದರ ಮರಿಗೆ ಹುಟ್ಟಿದಾಗ ಕಣ್ಣು ಕೆಂಪಾಗಿ ಕಂಡರೂ ದಿನ ಕಳೆದಂತೆ ಗಾಢವಾಗುತ್ತದೆ. ಮೈಯ ಹಸಿರು ಪೇಲವ, ರೆಕ್ಕೆಯ ಉದ್ದಗರಿ ಕಂದು, ಬೆಳೆದ ಗಂಡಿನ ಕೊರಳಪಟ್ಟಿಯೂ ಕಂದು. ಇವೆರಡರ ನಡುವೆ ಪ್ಯಾಲಿಡ್ ಎಂಬುದು ಬರುತ್ತದೆ: ಹಳದಿಯ ಕಡೆಗೆ ವಾಲಿದ ಹಸಿರು, ರೆಕ್ಕೆಯಲ್ಲಿ ತೆಳುವಾದ ಬೂದು ಉಳಿಕೆ. ಇದು ಲುಟಿನೋ ಮಾಡುವ ವಂಶವಾಹಿಯದೇ ಇನ್ನೊಂದು ರೂಪ. ಅಲ್ಲಿ ಅಂಗಡಿ ಪೂರ್ತಿ ಮುಚ್ಚಿದೆ, ಇಲ್ಲಿ ಅರ್ಧ ಬಾಗಿಲು ತೆರೆದಿದೆ.

ಹಳದಿ ದ್ರವ್ಯದಲ್ಲೂ ಇಂಥ ಅರ್ಧಬಾಗಿಲು ಇದೆ. ಪೂರ್ತಿ ಹೋದರೆ ನೀಲಿ; ಅಷ್ಟಿಷ್ಟು ಉಳಿದರೆ ಟರ್ಕ್ವಾಯಿಸ್. ಈ ಹಕ್ಕಿ ದೂರದಿಂದ ನೀಲಿ, ಹತ್ತಿರದಿಂದ ಮೈಮೇಲೆ ಅಲ್ಲಲ್ಲಿ ಹಸಿರು ಛಾಯೆ, ಗಂಡಿನ ಕೊರಳಲ್ಲಿ ಮಾಸಿದ ಗುಲಾಬಿ. ಮೊದಲು ಇದನ್ನು ಪ್ಯಾಸ್ಟೆಲ್ ಬ್ಲೂ ಎಂದು ಕರೆಯುತ್ತಿದ್ದರು. ಪ್ಯಾಲಿಡ್‌ಗೂ ಮೊದಲಿದ್ದ ಹೆಸರು ಲೇಸ್‌ವಿಂಗ್. ಹೆಸರುಗಳ ಈ ಗೊಂದಲ ಸಾಕುವವರಿಗೆ ದೊಡ್ಡ ತಲೆನೋವಾಗಿತ್ತು. ಒಂದೇ ಹಕ್ಕಿಗೆ ಹಾಲೆಂಡಿನಲ್ಲಿ ಒಂದು ಹೆಸರು, ಆಸ್ಟ್ರೇಲಿಯದಲ್ಲಿ ಇನ್ನೊಂದು. ಎರಡು ಬೇರೆ ಹಕ್ಕಿಗಳಿಗೆ ಒಂದೇ ಹೆಸರು. ಆಸ್ಟ್ರೇಲಿಯದ ಪಶುವೈದ್ಯ ಟೆರಿ ಮಾರ್ಟಿನ್ 2002ರಲ್ಲಿ ಗಿಳಿಗಳ ಬಣ್ಣದ ಉತ್ಪರಿವರ್ತನೆಗಳ ಮೇಲೆ ಒಂದು ದೊಡ್ಡ ಕೈಪಿಡಿ ಬರೆದರು. ಕಣ್ಣಿಗೆ ಕಂಡ ಬಣ್ಣವನ್ನಲ್ಲ, ಒಳಗೆ ಆಗಿರುವ ಬದಲಾವಣೆಯನ್ನು ಹಿಡಿದು ಹೆಸರಿಡಬೇಕು ಎಂಬ ಹಾದಿಗೆ ಈಗ ತಿಳಿದವರೆಲ್ಲ ಬಂದಿದ್ದಾರೆ. ಮಾರುವವರು ಬಂದಿಲ್ಲ. ಹೊಸ ಹೆಸರು ಹೊಸ ಬೆಲೆ ತರುತ್ತದಲ್ಲ!

ಬೂದು ಬಣ್ಣದ ವಿಷಯ ಸ್ವಲ್ಪ ಸೂಕ್ಷ್ಮ. ನೀಲಿ ಹುಟ್ಟಿಸುವ ರಚನೆ ಕೆಟ್ಟ ಹಕ್ಕಿಯಲ್ಲಿ ಹಳದಿಯೂ ಇಲ್ಲದಿದ್ದರೆ ಶುದ್ಧ ಬೂದು. ಹಳದಿ ಇದ್ದರೆ ಸಾಸಿವೆ ಕಲಸಿದಂತಹ ಮಂಕು ಹಸಿರು. ಈ ಮಂಕು ಹಸಿರನ್ನು ಆಲಿವ್ ಎಂಬ ಇನ್ನೊಂದು ಬಗೆಯೊಡನೆ ಬೆರೆಸಿ ಗೊಂದಲ ಮಾಡಿಕೊಳ್ಳುವುದುಂಟು. ಆಲಿವ್ ಬರುವುದು ಡಾರ್ಕ್ ಎಂಬ, ಬಣ್ಣವನ್ನು ಗಾಢಗೊಳಿಸುವ ಗುಣದಿಂದ. ಅದು ಒಂದು ಪಾಲು ಇದ್ದರೆ ಕಡುಹಸಿರು, ಎರಡು ಪಾಲಿದ್ದರೆ ಆಲಿವ್. ನೀಲಿ ಹಕ್ಕಿಯಲ್ಲಿ ಕ್ರಮವಾಗಿ ಕೋಬಾಲ್ಟ್ ಮತ್ತು ಮೋವ್. ಇವನ್ನು ಬಿಡಿಸಲು ಬಾಲದ ಮೇಲ್ಭಾಗ ನೋಡಬೇಕು. ಸಾಮಾನ್ಯ ಗಿಳಿಯ ಬಾಲದಲ್ಲಿ ನೀಲಿ ಎದ್ದುಕಾಣುತ್ತದೆ. ಆಲಿವ್‌ನಲ್ಲಿ ಅದು ಮಂಕಾದರೂ ಛಾಯೆ ಉಳಿಯುತ್ತದೆ. ಬೂದು ಗುಣವಿರುವ ಹಕ್ಕಿಯ ಬಾಲದಲ್ಲಿ ನೀಲಿಯ ಸುಳಿವೇ ಇಲ್ಲ, ಇದ್ದಿಲಿನ ಬಣ್ಣ. ಕೋಬಾಲ್ಟ್ ಯಾವುದು ವಯೊಲೆಟ್ ಯಾವುದು ಎಂಬ ಪ್ರಶ್ನೆ ಬಂದಾಗಲಂತೂ ಟ್ಯೂಬ್‌ಲೈಟಿನ ಕೆಳಗೆ ನೋಡಿ ತೀರ್ಮಾನಿಸಬಾರದು. ಸೀರೆಯನ್ನು ಅಂಗಡಿಯ ಹೊರಗೆ ತಂದು ಬಿಸಿಲಲ್ಲಿ ಹಿಡಿದು ನೋಡುವ ಹೆಂಗಸರ ಜಾಣತನ ಇಲ್ಲಿ ಬೇಕು.

ಇನ್ನು ಈ ಬಣ್ಣಗಳು ತಲೆಮಾರಿನಿಂದ ತಲೆಮಾರಿಗೆ ಸಾಗುವ ಬಗೆ. ಮೆಂಡೆಲ್ ಪಾದ್ರಿಯ ಬಟಾಣಿ ಗಿಡಗಳ ಪಾಠ ಶಾಲೆಯಲ್ಲಿ ಓದಿದವರಿಗೆ ಇದು ಸುಲಭ. ನೀಲಿ ದುರ್ಬಲ ಗುಣ. ತಂದೆ ತಾಯಿ ಇಬ್ಬರಿಂದಲೂ ನೀಲಿಯ ವಂಶವಾಹಿ ಬಂದರೆ ಮಾತ್ರ ಮರಿ ನೀಲಿ. ಒಬ್ಬರಿಂದ ಬಂದರೆ ಹಕ್ಕಿ ನೋಡಲು ಅಪ್ಪಟ ಹಸಿರು; ನೀಲಿ ಒಳಗೆ ಅಡಗಿರುತ್ತದೆ. ಇಂಥದ್ದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. ಎರಡು ಸ್ಪ್ಲಿಟ್ ಹಸಿರು ಗಿಳಿಗಳು ಕೂಡಿದರೆ ಸರಾಸರಿ ನಾಲ್ಕು ಮರಿಗೆ ಒಂದು ನೀಲಿ. ಆದ್ದರಿಂದಲೇ ಕಾಡಿನ ಹಸಿರು ಜೋಡಿಯ ಗೂಡಿನಲ್ಲೂ ಒಮ್ಮೊಮ್ಮೆ ನೀಲಿ ಮರಿ ಕಾಣಿಸಿಕೊಳ್ಳಬಹುದು.

ಲುಟಿನೋ ಹಳದಿಯ ಕತೆ ಇದಕ್ಕಿಂತ ಸ್ವಾರಸ್ಯ. ಅದರ ವಂಶವಾಹಿ ಲಿಂಗವನ್ನು ನಿರ್ಧರಿಸುವ ವರ್ಣತಂತುವಿನ ಮೇಲೆ ಕುಳಿತಿದೆ. ಮನುಷ್ಯರಲ್ಲಿ ಗಂಡಿಗೆ ಎಕ್ಸ್ ವರ್ಣತಂತು ಒಂದೇ; ಬಣ್ಣಗುರುಡು ಗಂಡಸರಲ್ಲೇ ಹೆಚ್ಚು ಕಾಣುವುದು ಆ ಕಾರಣಕ್ಕೆ. ಹಕ್ಕಿಗಳಲ್ಲಿ ಲೆಕ್ಕ ತಿರುವುಮುರುವು. ಗಂಡಿಗೆ ಜಡ್ ಎಂಬ ವರ್ಣತಂತು ಎರಡು, ಹೆಣ್ಣಿಗೆ ಒಂದೇ. ಹೆಣ್ಣಿನಲ್ಲಿ ಆ ಒಂದರ ಮೇಲೆ ಲುಟಿನೋ ಇದ್ದರೆ ಮರೆಮಾಚಲು ಜೊತೆಗಾರನಿಲ್ಲ, ಹಕ್ಕಿ ಹಳದಿಯೇ. ಹೀಗಾಗಿ ಹಳದಿಗೆ ಸ್ಪ್ಲಿಟ್ ಆದ ಹೆಣ್ಣು ಎಂಬುದು ಲೋಕದಲ್ಲಿಲ್ಲ. ಹಳದಿ ಗಂಡಿಗೂ ಹಸಿರು ಹೆಣ್ಣಿಗೂ ಮರಿಯಾದರೆ ಹೆಣ್ಣುಮಕ್ಕಳೆಲ್ಲ ಹಳದಿ, ಗಂಡುಮಕ್ಕಳೆಲ್ಲ ಹಸಿರು. ಕೊರಳಪಟ್ಟಿ ಮೂಡಲೆಂದು ಮೂರು ವರ್ಷ ಕಾಯುವ ಗೋಜಿಲ್ಲ. ಮರಿ ಕಣ್ಣು ಬಿಡುವ ಮುನ್ನವೇ ರೆಪ್ಪೆಯಡಿಯ ಕೆಂಪು ನೋಡಿ ಹೆಣ್ಣೆಂದು ಹೇಳಬಹುದು. ಇದನ್ನೇ ತಿರುಗಿಸಿ, ಅಡ್ಡಬೆರಕೆಯಿಲ್ಲದ ಹಸಿರು ಗಂಡಿಗೂ ಹಳದಿ ಹೆಣ್ಣಿಗೂ ಜೋಡಿ ಮಾಡಿದರೆ ಒಂದು ಮರಿಯೂ ಹಳದಿಯಾಗದು. ಗಂಡುಮರಿಗಳೆಲ್ಲ ಹಳದಿಯನ್ನು ಒಳಗಿಟ್ಟುಕೊಂಡ ಹಸಿರು.

ಆಲ್ಬಿನೋ ಪಡೆಯಬೇಕೆಂದರೆ ಈ ಎರಡೂ ಲೆಕ್ಕಗಳನ್ನು ಕೂಡಿಸಬೇಕು. ಎರಡೂ ಗುಣ ಅಡಗಿಸಿಕೊಂಡ ಹಸಿರು ಗಂಡಿಗೆ ನೀಲಿಯನ್ನು ಅಡಗಿಸಿಕೊಂಡ ಹಸಿರು ಹೆಣ್ಣು ಸಿಕ್ಕರೆ ಹದಿನಾರು ಮರಿಗೆ ಸರಾಸರಿ ಒಂದು ಬಿಳಿ, ಅದೂ ಹೆಣ್ಣೇ. ರಿಂಗ್‌ನೆಕ್ ಒಮ್ಮೆಗೆ ಇಡುವುದು ಮೂರರಿಂದ ಐದಾರು ಮೊಟ್ಟೆ. ಪಾಲಕರ ತಾಳ್ಮೆ ಎಷ್ಟಿರಬೇಕೆಂದು ಊಹಿಸಬಹುದು. ಬೂದು, ಡಾರ್ಕ್, ವಯೊಲೆಟ್ ಗುಣಗಳು ಮಾತ್ರ ಹೀಗೆ ಅಡಗುವವಲ್ಲ. ತಂದೆಯಿಂದಲೋ ತಾಯಿಯಿಂದಲೋ ಒಂದು ಪಾಲು ಬಂದರೂ ಮೈಮೇಲೆ ತೋರಿಸಿಕೊಳ್ಳುತ್ತವೆ. ಆದ್ದರಿಂದ ಬೂದುವಿಗೆ ಸ್ಪ್ಲಿಟ್ ಆದ ಹಸಿರು ಹಕ್ಕಿ ಎಂದು ಯಾರಾದರೂ ಹೇಳಿದರೆ ಆತನಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಎದುರಿಗಿರುವವರಿಗೆ ಗೊತ್ತಿಲ್ಲವೆಂದು ಆತ ನಂಬಿದ್ದಾನೆ.

ಎಲ್ಲ ಬಣ್ಣಗೇಡೂ ಉತ್ಪರಿವರ್ತನೆಯಲ್ಲ ಎಂಬುದನ್ನೂ ಹೇಳಬೇಕು. ಹಸಿರು ಗಿಳಿಯ ಮೈಮೇಲೆ ಅಲ್ಲಲ್ಲಿ ಹಳದಿ ಗರಿ ಮೂಡಿದರೆ ಅದನ್ನು ಪೈಡ್ ಎಂಬ ಅಪರೂಪದ ತಳಿ ಎಂದು ಸಂಭ್ರಮಿಸುವವರಿದ್ದಾರೆ. ಬರಿಯ ಸೂರ್ಯಕಾಂತಿ ಬೀಜ ತಿಂದು ಪೌಷ್ಟಿಕತೆ ಕೆಟ್ಟಿದ್ದರೂ, ಯಕೃತ್ತಿನ ರೋಗವಿದ್ದರೂ, ಗರಿ ಬೆಳೆಯುವಾಗ ಪೆಟ್ಟಾಗಿದ್ದರೂ ಹೀಗಾಗಬಹುದು. ಹುಟ್ಟಿದಾಗಿನಿಂದ ಇರುವುದೇ, ಗರಿ ಉದುರಿ ಹೊಸದು ಬಂದಾಗಲೂ ಅದೇ ಜಾಗದಲ್ಲಿ ಉಳಿಯುವುದೇ ಎಂದು ನೋಡಬೇಕು. ನಡುವೆ ಬಂದದ್ದಾದರೆ ತೋರಿಸಬೇಕಾದ್ದು ಪ್ರದರ್ಶನದಲ್ಲಲ್ಲ, ಪಶುವೈದ್ಯರಲ್ಲಿ. ಬಣ್ಣ ಹಚ್ಚಿ ಮಾರುವ ಮೋಸ ಹಕ್ಕಿ ವ್ಯಾಪಾರದಷ್ಟೇ ಹಳೆಯದು. ಹಚ್ಚಿದ ಬಣ್ಣ ಗರಿಯ ತುದಿಗಳಲ್ಲಿ ಹೆಚ್ಚು, ಬುಡದಲ್ಲಿ ಕಡಿಮೆ. ಕಣ್ಣು ಕಾಲುಗಳಂತೂ ಹಳೆಯ ಕತೆಯನ್ನೇ ಹೇಳುತ್ತಿರುತ್ತವೆ. ಕಪ್ಪು ಕಣ್ಣು, ಬೂದು ಕಾಲು ಇಟ್ಟುಕೊಂಡು ತನ್ನನ್ನು ಲುಟಿನೋ ಎನ್ನುವ ಹಕ್ಕಿಯನ್ನು ನಂಬಲಾಗದು.

ಕಾಡಿನಲ್ಲಿ ಹಳದಿ ಗಿಳಿ ಹೆಚ್ಚು ದಿನ ಬಾಳುವುದು ಕಷ್ಟ. ಎಲೆಗಳ ನಡುವೆ ಹಸಿರು ಹಕ್ಕಿಗೆ ಸಿಗುವ ಮರೆ ಅದಕ್ಕಿಲ್ಲ, ಗಿಡುಗನ ಕಣ್ಣಿಗೆ ಬೇಗ ಬೀಳುತ್ತದೆ. ಮೆಲನಿನ್ ಇಲ್ಲದ ಕಣ್ಣಿಗೆ ಪ್ರಖರ ಬಿಸಿಲೂ ತೊಂದರೆಯೇ. ಅದಕ್ಕಿಂತ ಮುಂಚೆ ಮನುಷ್ಯನ ಕಣ್ಣಿಗೆ ಬಿದ್ದರೆ ಪಂಜರ ಸೇರುತ್ತದೆ. ಭಾರತದಲ್ಲಿ ಸಿಕ್ಕ ಇಂಥ ಅಪರೂಪದ ಹಕ್ಕಿಗಳು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಶ್ರೀಮಂತರ ಪಕ್ಷಿಧಾಮಗಳಿಗೆ ಹೋದವು. ಹಳದಿ ರಿಂಗ್‌ನೆಕ್‌ಗಳನ್ನು ಸಾಕಿದವರಲ್ಲಿ ಆಲ್ಫ್ರೆಡ್ ಎಜ್ರಾ ಅವರ ಹೆಸರು ಕೇಳಿಬರುತ್ತದೆ. ಕಲ್ಕತ್ತೆಯ ಪ್ರಸಿದ್ಧ ಯಹೂದಿ ಮನೆತನದ ಇವರು ಇಂಗ್ಲೆಂಡಿನ ಫಾಕ್ಸ್‌ವಾರನ್ ಪಾರ್ಕಿನಲ್ಲಿ ನೆಲೆಸಿದ್ದರು. ಈಗ ಕಣ್ಮರೆಯಾಗಿರುವ ಭಾರತದ ಗುಲಾಬಿ ತಲೆಯ ಬಾತುಕೋಳಿಗಳನ್ನೂ ಅಲ್ಲೇ ಸಾಕಿದ್ದರು. ಬಾತುಗಳು ಅಲ್ಲಿ ಮರಿಮಾಡದೆ ಮುಗಿದುಹೋದವು. ಗಿಳಿಗಳ ಬಣ್ಣಗಳು ಮಾತ್ರ ಯೂರೋಪ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳ ಪಾಲಕರ ಕೈಯಲ್ಲಿ ಕವಲೊಡೆದು ಹೆಚ್ಚುತ್ತ ಹೋದವು.

ಇದಕ್ಕೆ ತೆತ್ತ ಬೆಲೆಯೂ ಇದೆ. ಅಡಗಿದ ಗುಣವನ್ನು ಹೊರತರಲು ಇರುವ ಹತ್ತಿರದ ದಾರಿ ತಂದೆಗೆ ಮಗಳನ್ನೋ ಅಣ್ಣನಿಗೆ ತಂಗಿಯನ್ನೋ ಜೋಡಿಮಾಡುವುದು. ನೀಲಿಯ ಜೊತೆಗೆ ಅಡಗಿದ್ದ ದೌರ್ಬಲ್ಯಗಳೂ ಹೊರಬರುತ್ತವೆ. ಜವಾಬ್ದಾರಿಯುಳ್ಳವರು ಎರಡು ಮೂರು ತಲೆಮಾರಿಗೊಮ್ಮೆ ಸಂಬಂಧವಿಲ್ಲದ ಹಸಿರು ಹಕ್ಕಿಯನ್ನು ತಂದು ರಕ್ತ ಹೊಸದು ಮಾಡುತ್ತಾರೆ. ಅವಸರದವರಿಗೆ ಅದು ನಷ್ಟದ ಬಾಬತ್ತು. ಹಸಿರು ಮರಿಗೆ ಬೆಲೆ ಎಲ್ಲಿದೆ?

ನಮ್ಮ ದೇಶದ ಮಟ್ಟಿಗೆ ಬಣ್ಣದ ಗುರುತು ಹಿಡಿಯುವುದು ಹವ್ಯಾಸದ ಪ್ರಶ್ನೆಯಾಗಿ ಉಳಿದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಭಾರತದ ಗಿಳಿಗಳು ಬರುತ್ತವೆ. 1990-91ರ ಹೊತ್ತಿಗೆ ದೇಶೀ ಕಾಡುಹಕ್ಕಿಗಳ ರಫ್ತೂ ಮಾರಾಟವೂ ನಿಷಿದ್ಧವಾದವು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಅನುಸೂಚಿಗಳನ್ನು ಹೊಸದಾಗಿ ಬರೆದಾಗಲೂ ರಕ್ಷಣೆ ಮುಂದುವರಿಯಿತು. ಬಜರಿಗರ್, ಕಾಕಟೀಲ್, ಲವ್‌ಬರ್ಡ್‌ಗಳು ಹೊರದೇಶದವು, ಅವುಗಳ ಮಾತು ಬೇರೆ. ಈ ಸಂದಿಯಲ್ಲಿ ನುಸುಳುವುದೇ ನೀಲಿ, ಹಳದಿ ರಿಂಗ್‌ನೆಕ್. ಇದು ಭಾರತದ್ದಲ್ಲ, ಇಂಪೋರ್ಟೆಡ್ ಎಂದು ಕೊಳ್ಳುವವರನ್ನು ನಂಬಿಸುತ್ತಾರೆ. ಕಾನೂನು ಹಕ್ಕಿಯನ್ನು ಗುರುತಿಸುವುದು ಜಾತಿಯಿಂದ, ಬಣ್ಣದಿಂದಲ್ಲ. ಪಂಜರದಲ್ಲೇ ಹುಟ್ಟಿದ್ದು ಎಂಬ ಸಮರ್ಥನೆಗೂ ಹೆಚ್ಚು ಬಲವಿಲ್ಲ; ಸೆರೆಯಲ್ಲಿ ಮರಿಮಾಡಿಸಿದ ಪ್ರಾಣಿಯನ್ನೂ ಕಾಯ್ದೆಯ ವ್ಯಾಖ್ಯೆ ಒಳಗೊಳ್ಳುತ್ತದೆ. ಮಕ್ಕಳ ಆಸೆಗೆಂದು ಚೆಂದದ ನೀಲಿ ಗಿಳಿ ತಂದ ಸಭ್ಯ ಗೃಹಸ್ಥ ತನಗೆ ತಿಳಿಯದೆಯೇ ಅಪರಾಧಿಯಾಗಬಹುದು. ಅಂಥವರು ಕೊಳ್ಳುವ ಮುನ್ನ ಬಣ್ಣವನ್ನು ಮನಸ್ಸಿನಲ್ಲೇ ಒರೆಸಿಹಾಕಿ ಹಕ್ಕಿಯ ಆಕಾರ ನೋಡುವುದು ಲೇಸು: ಮೈಗಿಂತ ಉದ್ದವಾಗಿ ಕಿರಿದಾಗುತ್ತ ಹೋಗುವ ಬಾಲ, ದುಂಡಗಿನ ಕೆಂಪು ಕೊಕ್ಕು, ಗಂಡಾದರೆ ಕಪ್ಪೋ ಗುಲಾಬಿಯೋ ಯಾವುದಾದರೊಂದು ಪಟ್ಟಿ.

ರಫ್ತು ನಡೆಯುತ್ತಿದ್ದ ಕಾಲದಲ್ಲಿ ಹೋದ ಹಕ್ಕಿಗಳ ಸಂತತಿ ಈಗ ಯೂರೋಪಿನ ಊರುಗಳಲ್ಲಿ ಬಿಡಾಡಿಯಾಗಿ ಬೆಳೆದಿದೆ. ಬ್ರಸೆಲ್ಸ್ ನಗರದ ಹಿಂಡುಗಳು 1974ರಲ್ಲಿ ಅಲ್ಲಿನ ಒಂದು ಮನರಂಜನಾ ಉದ್ಯಾನದವರು ಬಿಟ್ಟ ನಲವತ್ತರಷ್ಟು ಹಕ್ಕಿಗಳಿಂದ ಬಂದವು. ಲಂಡನ್ನಿನಲ್ಲೂ ಸಂಜೆಯ ಹೊತ್ತು ಇವುಗಳ ಕಿರುಚಾಟ ಸಾಮಾನ್ಯ. ಅಲ್ಲಿನ ಹಕ್ಕಿಗಳ ಡಿಎನ್‌ಎ ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನ ಅವುಗಳ ಮೂಲ ಬಹುಮಟ್ಟಿಗೆ ಪಾಕಿಸ್ತಾನ ಮತ್ತು ಉತ್ತರ ಭಾರತದ ಕಡೆಯದೆಂದು ತೋರಿಸಿತು. ಆ ಹಸಿರು ಹಿಂಡುಗಳ ನಡುವೆ ಆಗಾಗ ಒಂದು ಹಳದಿ, ಒಂದು ನೀಲಿ ಹಕ್ಕಿ ಹಾರುವುದನ್ನು ಜನ ಕಾಣುತ್ತಾರೆ. ಯಾರದೋ ಮನೆಯ ಪಂಜರದಿಂದ ತಪ್ಪಿಸಿಕೊಂಡು ಬಂದು ಸೇರಿದ ನೀಲಿ ಹಕ್ಕಿಯೊಂದು ಅಲ್ಲಿ ಹಸಿರು ಜೊತೆಗಾರನನ್ನು ಹುಡುಕಿಕೊಂಡು ಗೂಡು ಮಾಡಿದರೆ, ಮರದ ಪೊಟರೆಯಿಂದ ಹೊರಗಿಣುಕುವ ಮರಿಗಳೆಲ್ಲ ಹಸಿರಾಗಿಯೇ ಇರುತ್ತವೆ.